ಬೂದಿ ಮುಚ್ಚಿದ ಬೇರು

1964ರ ಬೇಸಿಗೆ. ಬನವಾಸಿಯ ಭಜನಾ ಮೇಳದ ಹಾಡುಗಾರ ಅಂದಾನಪ್ಪ ಅವತ್ತು ಬೆಳಗ್ಗೆ ಹಾಸಿಗೆಯಿಂದ ಏಳಲಿಲ್ಲ. ಕಣ್ಣು ತೆರೆದಿತ್ತು, ಮಾತು ಸರಿಯಿತ್ತು. ಕೈಕಾಲು ಮಾತ್ರ ಎತ್ತಲಾಗದು.

"ವಿಷ! ಸೊಸಿ ಹಾಲಿನ್ಯಾಗ ವಿಷಾ ಹಾಕ್ಯಾಳ!" ಅಂದಾನಪ್ಪನ ತಂಗಿ ಶಾರದವ್ವ ಓಣಿಗೆ ಬಂದು ಕೂಗಿದಳು. ಊರಿಗೆ ಅಷ್ಟು ಸಾಕಾಯಿತು. ಪೊಲೀಸ್ ಫೌಜದಾರ ರಘುಪತಿಯೂ ಬಂದರು.

ಸೊಸೆ ಗುರುಶಾಂತವ್ವ ಗಂಡನನ್ನು ಕಳೆದುಕೊಂಡವಳು. ಈ ಮನೆ ಬಿಟ್ಟರೆ ಬೇರೆ ನೆಲೆಯಿಲ್ಲ. ಆದರೂ ಅಳಲಿಲ್ಲ, ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು. ರಾತ್ರಿ ಮಾವ ಕುಡಿದು ಲೋಟದಲ್ಲಿ ಉಳಿಸಿದ್ದ ಹಾಲನ್ನು ಎಲ್ಲರೆದುರು ಗಟಗಟ ಕುಡಿದಳು.

"ಏ, ಅದು ಪುರಾವೆ!" ಫೌಜದಾರರು ಅಬ್ಬರಿಸಿದರು.

"ಇನ್ನ ನಾನ ಪುರಾವಿ. ನನ್ನ ನೋಡ್ಕೋತ ಕುಂದರ್ರಿ. ಮೊದಲ ಮಾವನ್ನ ದವಾಖಾನಿಗೆ ಒಯ್ರಿ."

* * *

ಶಿರಸಿಯ ಆಸ್ಪತ್ರೆ. ಹುಬ್ಬಳ್ಳಿಗೆ ಕಳಿಸಿದ್ದ ರಕ್ತದ ವರದಿ ಬಂದಿತ್ತು.

"ವಿಷ ಇಲ್ಲ," ಎಂದರು ಡಾಕ್ಟರ್ ಕಮಲಾಕರ. "ಪೊಟ್ಯಾಸಿಯಂ ಪಾತಾಳಕ್ಕೆ ಇಳಿದಿದೆ. ಆ ಲವಣ ಕಮ್ಮಿಯಾದ್ರೆ ಸ್ನಾಯು ಸೋಲ್ತದೆ, ಎದೆಬಡಿತವೂ ತಪ್ತದೆ. ವಾಂತಿಭೇದಿ ಆಗಿತ್ತಾ?"

"ಇಲ್ರಿ," ಎಂದಳು ಗುರುಶಾಂತವ್ವ.

"ಹಾಗಾದ್ರೆ ಮೂತ್ರದಲ್ಲಿ ಸೋರಿ ಹೋಗ್ತಾ ಇದೆ. ಕಷಾಯ ಎಂತಾದ್ರೂ ಕುಡಿಸಿದ್ರಾ?"

"ಏನೂ ಇಲ್ರೀ!" ಶಾರದವ್ವ ಥಟ್ಟನೆ ಅಂದಳು. ಅಂದಾನಪ್ಪ ತಂಗಿಯ ಮುಖ ನೋಡಿ ಸುಮ್ಮನಾದ. ಗುರುಶಾಂತವ್ವ ಅದನ್ನು ಗಮನಿಸಿದಳು.

* * *

ಮನೆಗೆ ಬಂದವಳೇ ಹಿತ್ತಲೆಲ್ಲ ಹುಡುಕಿದಳು. ಆ ಮನೆಯಲ್ಲಿ ಒಲೆಯ ಬೂದಿ ಪಾತ್ರೆ ತಿಕ್ಕಲು ಬುಟ್ಟಿ ಸೇರುತ್ತದೆ, ತಿಪ್ಪೆಗೆ ಯಾರೂ ಸುರಿಯುವುದಿಲ್ಲ. ಈಗ ತಿಪ್ಪೆಯ ಮೂಲೆಯಲ್ಲಿ ಬೂದಿಯ ಗುಡ್ಡೆ! ಕೆದಕಿದಳು. ಅಡಿಯಲ್ಲಿ ಕುದಿಸಿ ಹಿಂಡಿದ ಹಳದಿ ಬೇರಿನ ನಾರು, ಒಂದು ಮೊರ ತುಂಬುವಷ್ಟು.

ಅದನ್ನು ಶಿರಸಿಗೆ ಒಯ್ದು ಮಾವನ ಮಂಚದ ಪಕ್ಕದ ಮೇಜಿನ ಮೇಲೆ, ಡಾಕ್ಟರ ಎದುರು ಸುರಿದಳು. ಫೌಜದಾರರನ್ನೂ ಕರೆಸಿ, ಅದು ಬೂದಿಯಡಿ ಸಿಕ್ಕಿದ್ದನ್ನು ಹೇಳಿದಳು.

"ಜ್ಯೇಷ್ಠಮಧು!" ಡಾಕ್ಟರು ಮೂಸಿ ನೋಡಿದರು. "ಗಂಟಲಿಗೆ ಚೂರು ಸಾಕು. ದಿನಾ ಇಷ್ಟೊಂದು ಹೊಟ್ಟೆಗೆ ಹೋದ್ರೆ ಮೂತ್ರಪಿಂಡ ಪೊಟ್ಯಾಸಿಯಂ ಹೊರಗೆ ಹಾಕ್ತದೆ. ಇವರ ರಕ್ತದೊತ್ತಡ ಏರಿದ್ದೂ ಇದಕ್ಕೇ."

"ದನಿ ಒಡೀಬಾರದಂತ ತಂಗಿ ಕಾಸಿ ಕೊಡ್ತಿದ್ಲರಿ," ಅಂದಾನಪ್ಪ ಕೊನೆಗೂ ಬಾಯಿಬಿಟ್ಟ.

ಫೌಜದಾರರು ಮಂಚದ ಬಳಿ ನಿಂತಿದ್ದ ಶಾರದವ್ವನ ಕಡೆ ತಿರುಗಿದರು. "ಒಳ್ಳೇದಕ್ಕೆ ಕೊಟ್ಟಿದ್ದಾದರೆ ಬೂದಿ ಯಾಕೆ ಮುಚ್ಚಿದೆ?"

"ಅಣ್ಣ ಬಿದ್ದದ್ದ ನೋಡಿ ಅಂಜಿದೆ. ನನ್ನ ಹಿಡೀತಾರಂತ ಸೊಸಿ ಮ್ಯಾಲ ಹಾಕಿದ್ನಿರಿ."

* * *

ಕಷಾಯ ನಿಂತಿತು. ಪೊಟ್ಯಾಸಿಯಂ ಔಷಧ, ಎಳನೀರು, ಮತ್ತೆ ಮತ್ತೆ ರಕ್ತಪರೀಕ್ಷೆ. ಅಂದಾನಪ್ಪ ನಡೆದೇ ಬಸ್ಸು ಹತ್ತಿದ.

ಬನವಾಸಿಯಲ್ಲಿ ಶಾರದವ್ವ ಸೊಸೆಯ ಕೈ ಹಿಡಿದಳು. "ತಪ್ಪಾತವಾ. ನಡಿ, ಮನಿಯೊಳಗ ಮಾತಾಡೋಣು."

ಗುರುಶಾಂತವ್ವ ಓಣಿಯ ನಡುವೆಯೇ ನಿಂತಳು.

"ವಿಷಾ ಹಾಕ್ಯಾಳಂತ ಇಲ್ಲಿ ನಿಂತು ಕೂಗಿದ್ರಿ, ಅತ್ತಿ. ಹಾಕಿಲ್ಲಂತ ಇಲ್ಲೇ ನಿಂತು ಕೂಗ್ರಿ. ಆಮ್ಯಾಲ ಒಳಗ ಬರ್ತೀನಿ."

ಒಂದೊಂದಾಗಿ ಬಾಗಿಲುಗಳು ತೆರೆದವು. ಶಾರದವ್ವ ಕೂಗಿದಳು.