ಸೆಕೆಂಡ್ ಗೇರಿನ ಕೈ

ಬ್ರೇಕು ಮೆತ್ತಗಾಯಿತೇ, ಇಲ್ಲ ತನ್ನ ಕಾಲೇ ಸೋತಿತೇ? ದೇವಿಮನೆ ಘಟ್ಟದ ನಡುವೆ ಸುಜಯ ಮಾಸ್ತರನಿಗೆ ತಿಳಿಯಲಿಲ್ಲ. ಪೆಟ್ರೋಲ್ ಉಳಿಯುತ್ತದೆಂದು, ಶಿರಸಿಯ ಎಷ್ಟೋ ಜನರಂತೆ ಅವನೂ ಕಾರನ್ನು ನ್ಯೂಟ್ರಲ್‌ಗೆ ಹಾಕಿ, ಬ್ರೇಕಿನ ಮೇಲೇ ಕಾಲಿಟ್ಟು ಇಳಿದು ಬಂದಿದ್ದ. ಈಗ ಸುಟ್ಟ ವಾಸನೆ ಬರುತ್ತಿತ್ತು. ಪೆಡಲ್ ಒತ್ತಿದಷ್ಟೂ ಒಳಗೆ ಹೋಗುತ್ತಿತ್ತು, ಕಾರು ಮಾತ್ರ ನಿಲ್ಲುತ್ತಿರಲಿಲ್ಲ. ಎದುರಿಗೆ ತಿರುವು, ಅದರಾಚೆ ಕಣಿವೆ. ಹಿಂದಿನ ಸೀಟಿನಲ್ಲಿ ಬಸುರಿ ಹೆಂಡತಿ ಪರಿಮಳಾ ಮಲಗಿದ್ದಳು.

ಆಗ ಗೇರಿನ ಮೇಲಿದ್ದ ಅವನ ಎಡಗೈಯನ್ನು ಇನ್ನೊಂದು ಕೈ ಮುಚ್ಚಿತು. ಮಧ್ಯಾಹ್ನದ ಸೆಕೆಯಲ್ಲೂ ಅದು ಬಾವಿನೀರಿನಷ್ಟು ತಣ್ಣಗಿತ್ತು. ಅವನ ಕಾಲು ತಾನಾಗಿ ಕ್ಲಚ್ ಒತ್ತಿತು, ಆ ಕೈ ಗೇರನ್ನು ಸೆಕೆಂಡಿಗೆ ಎಳೆಯಿತು. ಎಂಜಿನ್ ಅರಚಿ ಕಾರನ್ನು ಹಿಡಿದುಕೊಂಡಿತು. ತಿರುವು ದಾಟಿ, ಮಣ್ಣಿನ ದಿಬ್ಬಕ್ಕೆ ಒರಗಿ ಕಾರು ನಿಂತಾಗ ಪಕ್ಕದ ಸೀಟು ಖಾಲಿಯಿತ್ತು.

ಪರಿಮಳಾ ಕಣ್ಣು ಬಿಟ್ಟು, ಮೂಗರಳಿಸಿ ಕೈಚಾಚಿದಳು. "ಲವಂಗ ಜಗೀತಾ ಇದ್ರಾ? ಯಂಗೂ ಒಂದ್ ಕೊಡಿ."

ಸದಾ ಲವಂಗ ಜಗಿಯುತ್ತಿದ್ದವರು ಡ್ರೈವರ್ ರಸೂಲ್ ಸಾಹೇಬರು. ಅವರು ತೀರಿಕೊಂಡ ಮೇಲೆ ಹೆಂಡತಿ ಶಮ್ಸುನ್ನಿಸಾ ಅವರ ಈ ಕಾರನ್ನು ಸುಜಯನಿಗೆ ಮಾರಿದ್ದರು.

ಮಗು ಹುಟ್ಟಿದ ಮೇಲೆ ಅವನು ಪೇಡೆ ಹಿಡಿದುಕೊಂಡು ಶಮ್ಸುನ್ನಿಸಾರ ಮನೆಗೆ ಹೋದ.

"ಕಾರು ಹೆಂಗದೆ, ಮಾಸ್ತರೇ?"

"ಬ್ರೇಕು ಹೊಸದು ಹಾಕಿಸಿದೆ, ಅಮ್ಮ."

"ಹೊಸದಾದ್ರೂ ಘಟ್ಟದಾಗೆ ಸೆಕೆಂಡಲ್ಲೇ ಇಳೀರಿ. ನಮ್ಮೋರು ನಿದ್ದೆಯಲ್ಲೂ ನನ್ನ ಕೈ ಹಿಡ್ದು ಗೇರು ಹಾಕೋರು," ಎಂದು ಅವರು ನಕ್ಕರು.

ಸುಜಯ ಕೈಮುಗಿದ. ಆ ಕೈ ತನ್ನನ್ನೂ ಹಿಡಿದಿತ್ತೆಂದು ಅವರಿಗೆ ಎಂದೂ ಹೇಳಲಿಲ್ಲ.