ಅವಳು ಗಾಡಿ ಹತ್ತಬಾರದಿತ್ತು!

"ಆ ಹುಡುಗಿಗೆ ಹೃದಯವೇ ಇಲ್ಲ ಬಿಡಿ!"

ಲೈಬ್ರರಿಯ ಮಹಡಿ ಕೋಣೆಯಲ್ಲಿ ಈ ಮಾತು ಬಿದ್ದದ್ದೇ ತಡ, ಕಿಟಕಿ ಪಕ್ಕ ಕೂತಿದ್ದ ಅವಳು ತಟ್ಟನೆ ತಲೆಯೆತ್ತಿದಳು.

ಮಾತಾಡಿದವನು ಹೊಸಬ. ಬೂಟಿನ ತುಂಬ ಒಣಗಿದ ಮಣ್ಣು, ತೋಳು ಮಡಚಿದ ಅಂಗಿ, ದೊಡ್ಡ ದೊಡ್ಡ ಕೈಗಳ ನಡುವೆ ಕೆಂಪು ರಟ್ಟಿನ ಪುಸ್ತಕ.

"ಪ್ರೀತಿಸಿದವನು ಹೊಳೆ ದಾಟಿ ಹೊಸ ಸೀಮೆಗೆ ಹೊರಟಿದ್ದಾನೆ. ಗಾಡಿ ಮೇಲೆ ನಿಂತು ಕೂಗ್ತಿದ್ದಾನೆ. ಇವಳು ತಿರುಗಿಯೂ ನೋಡದೆ ಡೇರೆ ಒಳಗೆ ಹೋಗ್ತಾಳೆ! ಕಲ್ಲಾದ್ರೂ ಕರಗುತ್ತೆ, ಇವಳು ಕರಗಲ್ಲ."

"ಸ್ವಾಮಿ, ಮೊದಲನೇ ಭಾಗ ಓದಿದ್ದೀರಾ?" ಎಂದಳು.

"ಇಲ್ಲ. ನನಗೆ ಸಿಕ್ಕಿದ್ದು ಎರಡನೇದು."

"ಡೇರೆ ಒಳಗೆ ಅವಳ ಅಕ್ಕ ಹೆರಿಗೆ ನೋವಲ್ಲಿ ಒದ್ದಾಡ್ತಿದ್ದಾಳೆ! ಕೈ ಬಿಡಲ್ಲ ಅಂತ ಅಕ್ಕನಿಗೆ ಮಾತು ಕೊಟ್ಟಿದ್ದಾಳೆ! ತಲೆ ಬುಡ ಗೊತ್ತಿಲ್ಲದೆ ಒಂದು ಹೆಣ್ಣಿನ ಹೃದಯಕ್ಕೆ ತೀರ್ಪು ಕೊಡ್ತೀರಲ್ಲ..."

ಅವನು ಮೆಲ್ಲಗೆ ಹೇಳಿದ, "ಪುಸ್ತಕದ ತಲೆ ಬುಡ ಬೇರೆ ಬೇರೆ ಮಾಡಿದ್ದು ನಾನಲ್ಲ ಮೇಡಂ. ಯಾರು ಕತ್ತರಿಸಿದ್ರೋ ಅವರನ್ನ ಕೇಳಿ!"

ಕೋಣೆಗೆ ಕೋಣೆಯೇ ಗೊಳ್ಳೆಂದು ನಕ್ಕಿತು. ಪಾಪ, ಅವಳ ಮುಖ ಕೆಂಪೇರಿತು. ಯಾಕೆಂದರೆ ಕತ್ತರಿಸಿದವಳು ಅವಳೇ!

ಅವಳು ಬುಕ್ ಬೈಂಡರ್. ಲೈಬ್ರರಿಯ ಎದುರು ಬೀದಿಯಲ್ಲಿ ಚಿಕ್ಕಮ್ಮನ ಜೊತೆ ಬೈಂಡಿಂಗ್ ಅಂಗಡಿ ನಡೆಸುತ್ತಿದ್ದಳು. ಶನಿವಾರ ಮಧ್ಯಾಹ್ನ ಮಹಡಿ ಮೇಲೆ ಸೇರುವ ಓದುಗರ ಗುಂಪಿಗೆ ಈ ಸಲ ಲೈಬ್ರರಿ ಮೇಡಂ ಆರಿಸಿದ್ದು ಒಂದು ದಪ್ಪ ಕಾದಂಬರಿ. ಮೂವರು ಅಕ್ಕತಂಗಿಯರು ಹುಟ್ಟೂರು ಬಿಟ್ಟು, ಹೊಳೆ ದಾಟಿ, ಯಾರೂ ಬೇಸಾಯ ಮಾಡದ ಬಯಲು ಸೀಮೆಗೆ ಗಾಡಿ ಕಟ್ಟಿಕೊಂಡು ಹೋಗುವ ಕಥೆ. ಅಂಗಡಿಗಳಲ್ಲಿ ಎಲ್ಲೂ ಸಿಗದ ಪುಸ್ತಕ, ಲೈಬ್ರರಿಯಲ್ಲಿದ್ದದ್ದು ಒಂದೇ ಪ್ರತಿ. ಅದರ ಬೆನ್ನೂ ಮುರಿದಿತ್ತು.

"ಹೇಗೂ ಬಿಚ್ಚಬೇಕು. ನಾಲ್ಕು ಭಾಗ ಮಾಡಿಬಿಡ್ತೀನಿ. ನಾಲ್ಕು ಜನ ಒಟ್ಟಿಗೆ ಓದಬಹುದು," ಎಂದಿದ್ದಳು ಇವಳು.

ಐಡಿಯಾ ಏನೋ ಚೆನ್ನಾಗಿತ್ತು. ಆದರೆ ಯಾರಿಗೆ ಯಾವ ಭಾಗ ಮೊದಲು ಸಿಗುತ್ತದೋ ಹೇಳಲಾಗದು. ಕುರುಡರು ಆನೆ ಮುಟ್ಟಿದ ಹಾಗೆ, ಒಬ್ಬರು ಹೊಗಳಿದವಳನ್ನು ಇನ್ನೊಬ್ಬರು ಬೈಯುತ್ತಿದ್ದರು. ಅದೇ ಒಂದು ಮಜವಾಗಿ, ಗುಂಪಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವೂ ಹುಟ್ಟಿಕೊಂಡಿತ್ತು. ಬೇರೆಯವರು ಓದದ ಮುಂದಿನ ಭಾಗದ ಗುಟ್ಟನ್ನು ಯಾರೂ ಬಾಯಿ ಬಿಡಬಾರದು. ನಿವೃತ್ತ ನರ್ಸಜ್ಜಿ ಹಿರಿಯಕ್ಕನ ಗಂಡ ಸಾಯುವುದನ್ನು ಮೊದಲ ವಾರವೇ ಹೇಳಿಬಿಟ್ಟು, ಎಲ್ಲರಿಂದ ಬೈಸಿಕೊಂಡ ಮೇಲೆ ಆದ ನಿಯಮ ಅದು.

ಅಂದ ಹಾಗೆ, ನಾಲ್ಕೂ ಭಾಗ ಓದಿದ್ದವಳು ಅವಳೊಬ್ಬಳೇ. ಹೊಲಿಯುತ್ತಾ ಹೊಲಿಯುತ್ತಾ ಓದಿ ಮುಗಿಸಿದ್ದಳು. ಯಾರಿಗೂ ಹೇಳಿರಲಿಲ್ಲ!

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆರೆದರೆ... ಎದುರಿಗೇ ಅವನು!

ಬೀದಿಯ ಹಳೇ ನೀರಿನ ಪೈಪ್ ಬದಲಿಸುವ ಕೆಲಸ. ಅವನೇ ಮೇಸ್ತ್ರಿ. ಅಂಗಡಿ ಮುಂದೆ ಉದ್ದಕ್ಕೆ ಗುಂಡಿ ತೋಡಿಸಿ ನಿಂತಿದ್ದ.

"ಅಯ್ಯೋ, ನನ್ನ ಗೋಂದಿಗೆಲ್ಲ ಧೂಳು ಬೀಳ್ತಿದೆ!"

"ಓ... ಬೈಂಡರಮ್ಮ! ನೀವಾ?" ಅವನ ಮುಖ ಅರಳಿತು. "ಒಂದು ನಿಮಿಷ ಇರಿ."

ಒಂದು ನಿಮಿಷದಲ್ಲಿ ಟಾರ್ಪಾಲು ಕಟ್ಟಿಸಿದ. ಗುಂಡಿಯ ಮೇಲೆ ಹಲಗೆ ಹಾಕಿಸಿದ. ತಾನೇ ಅದರ ಮೇಲೆ ನಡೆದು, ಕುಣಿದು ನೋಡಿ, ಗಟ್ಟಿಯಿದೆ ಎಂದು ತೋರಿಸಿದ.

"ರಾತ್ರಿ ಕೂತು ಮೊದಲನೇ ಭಾಗ ಓದಿದೆ," ಎಂದ ತಲೆ ಕೆರೆದುಕೊಂಡು. "ನರ್ಸಜ್ಜಿ ಹತ್ರ ಕಾಡಿ ಇಸ್ಕೊಂಡೆ. ನೀವು ಹೇಳಿದ್ದೇ ಸರಿ. ಆ ಹುಡುಗಿಗೆ ಹೃದಯ ಇದೆ... ನನಗೇ ಬುದ್ಧಿ ಇರ್ಲಿಲ್ಲ."

ಇಷ್ಟು ಸುಲಭಕ್ಕೆ ಸೋಲೊಪ್ಪಿಕೊಳ್ಳುವ ಗಂಡಸನ್ನು ಅವಳು ಅದೇ ಮೊದಲು ನೋಡಿದ್ದು! ಸರಕ್ಕನೆ ಒಳಗೆ ಓಡಿದಳು.

ಒಳಗೆ ರಟ್ಟು ಕತ್ತರಿಸುತ್ತಿದ್ದ ಚಿಕ್ಕಮ್ಮ ಕನ್ನಡಕದ ಮೇಲಿಂದ ನೋಡಿದರು. "ಏನೇ ಪುಟ್ಟಿ, ಗೋಂದಿಗೆ ಧೂಳು ಬಿದ್ದರೆ ಮುಖ ಯಾಕೆ ಹೀಗೆ ಹೊಳೀತಿದೆ?"

"ಸುಮ್ನಿರಿ ಚಿಕ್ಕಮ್ಮ!"

ಅಂದಿನಿಂದ ಬಿಡುವಾದಾಗಲೆಲ್ಲ ಅವನು ಹಲಗೆ ದಾಟಿ ಬರುತ್ತಿದ್ದ. ಹೊಸ್ತಿಲಲ್ಲೇ ಕೂತು ಟೀ ಕುಡಿಯುತ್ತಾ ಕಾದಂಬರಿಯ ಮಾತು ತೆಗೆಯುತ್ತಿದ್ದ. ಹಿರಿಯಕ್ಕ ಗಂಡಿನ ಹಾಗೆ ನೇಗಿಲು ಹಿಡಿದದ್ದು, ನಡುವಿನವಳು ಮಗ್ಗದ ಮುಂದೆ ಕೂತು ಹಾಡಿಕೊಳ್ಳುವುದು, ಕಿರಿಯಳ ಹಟ... ಮೂವರೂ ಅಕ್ಕಪಕ್ಕದ ಮನೆಯವರೇನೋ ಎಂಬಂತೆ ಇಬ್ಬರೂ ಜಗಳವಾಡುತ್ತಿದ್ದರು.

"ಲೇಖಕಿ ಹೊಳೆ ಬಗ್ಗೆ ಬರೆದಿರೋದೆಲ್ಲ ಸರಿ. ಆದ್ರೆ ಬಯಲಲ್ಲಿ ಬಾವಿ ತೋಡಿದ ತಕ್ಷಣ ನೀರು ಬಂತು ಅಂತಾರಲ್ಲ, ಅದು ಮಾತ್ರ ಸುಳ್ಳು!" ಎನ್ನುತ್ತಿದ್ದ ಅವನು.

"ನಿಮಗೆ ಬರೀ ನೀರಿನದೇ ಚಿಂತೆ! ಆ ನೀರು ನೋಡಿ ಮೂವರೂ ಅತ್ತಿದ್ದು ಕಾಣಿಸಲಿಲ್ವಾ?"

"ಕಾಣಿಸ್ತು." ಅವನ ದನಿ ತಗ್ಗಿತು. "ಹೊಸ ಜಾಗಕ್ಕೆ ಮೊದಲ ಸಲ ನೀರು ಬಂದಾಗ ಹೆಂಗಸರು ಅಳೋದನ್ನ ನಾನು ಕಣ್ಣಾರೆ ನೋಡಿದ್ದೀನಿ. ಅದಕ್ಕೇ ಈ ಕೆಲಸ ಬಿಟ್ಟಿಲ್ಲ."

ಆ ಮಾತು ಅವಳೊಳಗೆ ಎಲ್ಲೋ ಇಳಿದು ಕೂತುಬಿಟ್ಟಿತು.

ಆಮೇಲೆ ಶುರುವಾದದ್ದು ಹಗಲುಗನಸು! ಕೈಯಲ್ಲಿ ದಬ್ಬಳ, ದಾರ. ಹಾಳೆಯ ಮಡಿಕೆಯೊಳಗೆ ಹೋದ ಸೂಜಿ ಹೊರಗೆ ಬರುವಷ್ಟರಲ್ಲಿ ಅಂಗಡಿ ಮಾಯ. ರಟ್ಟಿನ ಕಟ್ಟುಗಳಿದ್ದ ಗೋಡೆಯಿಲ್ಲ, ಅಲ್ಲಿ ಸೊಂಟದೆತ್ತರದ ಹುಲ್ಲು. ಕಣ್ಣು ಹಾಯಿಸಿದಷ್ಟೂ ಹುಲ್ಲು. ಗಾಳಿ ಬೀಸಿದರೆ ಇಡೀ ಬಯಲೇ ಮಗ್ಗುಲು ಬದಲಿಸುತ್ತಿತ್ತು. ದೂರದಲ್ಲಿ ಬಿಳಿ ಬಟ್ಟೆ ಹೊದ್ದ ಗಾಡಿಗಳ ಸಾಲು ಸದ್ದಿಲ್ಲದೆ ತೇಲಿ ಬರುತ್ತಿತ್ತು. ಮೊದಲ ಗಾಡಿ ಹೊಡೆಯುತ್ತಿದ್ದವನು ಹತ್ತಿರವಾದ, ಇನ್ನೂ ಹತ್ತಿರವಾದ... ಅವನ ಅಂಗಿಯ ತೋಳು ಮಡಚಿತ್ತು, ಬೂಟಿನ ತುಂಬ ಮಣ್ಣು!

"ಪುಟ್ಟೀ! ಲೆಕ್ಕದ ಪುಸ್ತಕಾನ ತಲೆಕೆಳಗಾಗಿ ಹೊಲೀತಿದ್ದೀಯಲ್ಲೇ!"

ಚಿಕ್ಕಮ್ಮನ ಕೂಗಿಗೆ ಬಯಲು, ಹುಲ್ಲು, ಗಾಡಿ ಎಲ್ಲ ಚೆಲ್ಲಾಪಿಲ್ಲಿ. ಅವಳು ನಾಲಿಗೆ ಕಚ್ಚಿಕೊಂಡು ಹೊಲಿಗೆ ಬಿಚ್ಚತೊಡಗಿದಳು. 'ನನಗೇನಾಗಿದೆ? ಅವನು ಏನೂ ಹೇಳಿಲ್ಲ, ನಾನೇ ಇಷ್ಟೆಲ್ಲ...'

ಅವನು ಹೇಳದೇ ಇದ್ದರೂ ಏನೋ ಹೇಳಬೇಕೆಂದು ಒದ್ದಾಡುತ್ತಿದ್ದದ್ದು ನಿಜ. ಒಂದು ಶುಕ್ರವಾರ ಟೀ ಲೋಟ ಕೆಳಗಿಟ್ಟು, "ನಾಳೆ ನಿಮ್ಮನ್ನ ಒಂದು ವಿಷಯ ಕೇಳಬೇಕು," ಎಂದು ಹೇಳಿ ಸರಸರ ಹೋಗಿಬಿಟ್ಟ. ಆ ದಿನವಿಡೀ ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಶನಿವಾರ ಬಂತು. ಅವನ ಕೈಯಲ್ಲಿ ಮೂರನೇ ಭಾಗವಿತ್ತು.

"ನಾನೊಂದು ಪ್ರಶ್ನೆ ಕೇಳಬಹುದಾ?" ಎಂದ ಎಲ್ಲರಿಗೂ. ಆದರೆ ಕಣ್ಣು ಇದ್ದದ್ದು ಅವಳ ಮೇಲೆ. "ಈ ನಡುವಿನವಳು... ನೇಯೋಳು. ಕೈಯಲ್ಲಿ ಒಳ್ಳೆ ಕಸುಬಿದೆ, ಸ್ವಂತ ಮಗ್ಗ ಇದೆ. ಒಬ್ಬ ಬಂದು, ದೂರದ ಹೊಸ ಜಾಗಕ್ಕೆ ನನ್ನ ಜೊತೆ ಬಾ ಅಂತಾನೆ. ಅವಳು ಮಗ್ಗ ಬಿಟ್ಟು ಗಾಡಿ ಹತ್ತುತ್ತಾಳೆ. ಅವಳು ಮಾಡಿದ್ದು ಸರಿನಾ?"

ಓದುಗರೇ, ಇಲ್ಲೇ ನೋಡಿ ಎಡವಟ್ಟಾದದ್ದು!

ನಡುವಿನವಳ ಹೆಸರು ಕೇಳಿದರೆ ಸಾಕು, ಇವಳಿಗೆ ರಕ್ತ ಕುದಿಯುತ್ತಿತ್ತು. ಯಾಕೆಂದರೆ ನಾಲ್ಕನೇ ಭಾಗದಲ್ಲಿ ಏನಾಗುತ್ತದೆಂದು ಇವಳಿಗೆ ಗೊತ್ತು. ಆ ಪುಣ್ಯಾತ್ಮ ಅವಳನ್ನು ನಡುದಾರಿಯಲ್ಲಿ ಬಿಟ್ಟು, ಎತ್ತುಗಳನ್ನೂ ಹೊಡೆದುಕೊಂಡು ಪರಾರಿಯಾಗುತ್ತಾನೆ! ಆದರೆ ಅದನ್ನು ಹೇಳುವಂತಿಲ್ಲ, ನಿಯಮ. ಹೇಳಲಾಗದ ಸಿಟ್ಟೆಲ್ಲ ಸೇರಿಕೊಂಡು ಒಂದೇ ಮಾತಾಗಿ ಹೊರಬಿತ್ತು.

"ಶುದ್ಧ ತಪ್ಪು! ಕಸುಬು ಗೊತ್ತಿರೋ ಹೆಣ್ಣು ಯಾವನೋ ಕರೆದ ಅಂತ ಎದ್ದು ಹೋಗೋದಾ? ಅವಳು ಗಾಡಿ ಹತ್ತಬಾರದಿತ್ತು! ನಾನಾಗಿದ್ರೆ ಅವನ ಮುಖಕ್ಕೇ ಬಾಗಿಲು ಹಾಕ್ತಿದ್ದೆ!"

ಅವನ ಮುಖ ಬಿಳಿಚಿಕೊಂಡಿತು.

"ಸರಿ," ಎಂದ. ಅಷ್ಟೇ. ಪುಸ್ತಕವನ್ನು ಮೇಜಿನ ಮೇಲಿಟ್ಟು ಕೂತ. ಸಭೆ ಮುಗಿದು ಅವಳು ಬಾಗಿಲಲ್ಲಿ ಕಾದು ನಿಂತರೆ, ತಲೆ ತಗ್ಗಿಸಿಕೊಂಡು ಮೆಟ್ಟಿಲಿಳಿದು ಹೋಗಿಯೇಬಿಟ್ಟ.

'ಏನೋ ಕೇಳಬೇಕು ಅಂದಿದ್ದನಲ್ಲ... ಮರೆತನಾ?'

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವನ ಆಳುಗಳೇ ಬಂದು ಗುಂಡಿ ಮುಚ್ಚಿದರು, ಬೀದಿಗೆ ಟಾರು ಬಿತ್ತು. ಚಿಕ್ಕಮ್ಮ ಅಭ್ಯಾಸಬಲದಿಂದ ಟೀ ಜಾಸ್ತಿ ಮಾಡಿ, ಆರಿದ ಮೇಲೆ ಚೆಲ್ಲುತ್ತಿದ್ದರು. ಅವಳು ಬಾಗಿಲ ಕಡೆ ನೋಡಬಾರದು ಅಂದುಕೊಂಡೇ ನೋಡುತ್ತಿದ್ದಳು. ಹಗಲುಗನಸಿನ ಬಯಲಿನಲ್ಲಿ ಈಗ ಗಾಡಿಗಳೆಲ್ಲ ದಾಟಿ ಹೋಗಿದ್ದವು. ಬರೀ ಗಾಳಿ ಸದ್ದು.

ಬುಧವಾರ ಬೆಳಿಗ್ಗೆ ನರ್ಸಜ್ಜಿ ಬಂದರು.

"ಏನಮ್ಮ, ಮೇಸ್ತ್ರಿ ಹೊರಟುಬಿಟ್ನಲ್ಲ. ಘಟ್ಟದ ಆಚೆ ಹೊಸ ಊರು ಕಟ್ತಿದ್ದಾರಂತೆ, ಅಲ್ಲಿಗೆ ನೀರು ತರೋ ಕೆಲಸ. ಇವತ್ತೇ ಕೆಲಸದ ಶೆಡ್ಡಿನ ಹತ್ರ ಲಾರಿ ತುಂಬಿಸ್ತಿದ್ದಾರೆ. ಇನ್ನು ವಾಪಸ್ ಬರೋದು ಕಷ್ಟ."

"ಹೊರಟ್ರಾ? ನನಗೆ... ನನಗೊಂದು ಮಾತೂ ಹೇಳಲಿಲ್ಲ!"

"ಹೇಳೋಕೇನುಳಿದಿತ್ತು? ನೀನೇ ಮುಖಕ್ಕೆ ಬಾಗಿಲು ಹಾಕ್ತೀನಿ ಅಂದ್ಯಲ್ಲ, ಎಲ್ಲರ ಮುಂದೆ!" ಅಜ್ಜಿ ಸಿಡುಕಿದರು. "ಪಾಪದ ಹುಡುಗ. ಜೊತೆಗೆ ಬರ್ತೀಯಾ ಅಂತ ಕೇಳೋಕೆ ಧೈರ್ಯ ಮಾಡ್ಕೊಂಡು ಬಂದಿದ್ದ. 'ಕೇಳೋಕೆ ಮೊದಲೇ ಉತ್ತರ ಸಿಕ್ತು ಅಜ್ಜಿ' ಅಂದ."

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರಲ್ಲ... ಹಾಗೇ ಆಗಿತ್ತು!

"ಅಯ್ಯೋ, ಅದು ನಾನು ಆ ಕಳ್ಳನ ಬಗ್ಗೆ ಹೇಳಿದ್ದು! ಇವರ ಬಗ್ಗೆ ಅಲ್ಲ!"

ಗೋಂದು ಮೆತ್ತಿದ ಕೈಯಲ್ಲೇ ಎದ್ದಳು. ಆದರೆ ಬಾಗಿಲ ತನಕ ಹೋದವಳು ನಿಂತಳು. ಹಿಂದೆ ಚಿಕ್ಕಮ್ಮ. ಅಪ್ಪ ಅಮ್ಮ ಇಲ್ಲದವಳನ್ನು ಎದೆಗವಚಿ ಬೆಳೆಸಿದ ಚಿಕ್ಕಮ್ಮ.

"ಯಾಕೆ ನಿಂತೆ?" ಎಂದರು ಅವರು, ತಲೆಯೆತ್ತದೆ.

"ನಿಮ್ಮನ್ನ ಬಿಟ್ಟು ನಾನು..."

"ನಾನೇನು ಮುಟ್ಟಿದ್ರೆ ಮುರಿಯೋಳಾ? ನನ್ನ ಅಂಗಡಿ ನನಗಿದೆ, ನನ್ನ ಕೈ ನನಗಿದೆ. ನೀನು ಇಲ್ಲೇ ಕೂತು ಬಾಗಿಲು ನೋಡ್ತಾ ಸೊರಗಿದ್ರೆ, ಆ ಮುಖ ನೋಡ್ಕೊಂಡು ನಾನು ಬದುಕಬೇಕಾ? ಹೋಗ್ತೀಯೋ ಇಲ್ವೋ?"

ಅವರ ಕಣ್ಣು ಒದ್ದೆಯಾಗಿತ್ತು. ಅವಳು ಓಡಿಹೋಗಿ ಅವರ ಕೆನ್ನೆಗೆ ಮುತ್ತಿಟ್ಟು, ಬೀದಿಗಿಳಿದಳು.

ಕೆಲಸದ ಶೆಡ್ಡಿನ ಮುಂದೆ ಲಾರಿಯ ತುಂಬ ಪೈಪುಗಳು. ಅವನು ಹಗ್ಗ ಬಿಗಿಯುತ್ತಿದ್ದ. ಏದುಸಿರು ಬಿಡುತ್ತಾ ಬಂದು ನಿಂತವಳನ್ನು ನೋಡಿ ಹಗ್ಗ ಕೈಬಿಟ್ಟ.

"ಬೈಂಡರಮ್ಮ... ನೀವು ಇಲ್ಲಿ?"

"ಅವನು ಅವಳನ್ನ ಬಿಟ್ಟು ಓಡಿಹೋಗ್ತಾನೆ!"

"ಯಾರು?"

"ಆ ಗಾಡಿಯವನು! ನಾಲ್ಕನೇ ಭಾಗದಲ್ಲಿ! ಬಯಲಿನ ಮಧ್ಯೆ ಅವಳೊಬ್ಬಳನ್ನೇ ಬಿಟ್ಟು ಎತ್ತುಗಳ ಸಮೇತ ಹೋಗ್ತಾನೆ! ಅದಕ್ಕೇ ನನಗೆ ಸಿಟ್ಟು ಬಂದಿದ್ದು. ಹೇಳೋ ಹಾಗಿರಲಿಲ್ಲ, ನಿಯಮ ಇತ್ತಲ್ಲ!"

ಅವನು ಬಾಯಿ ತೆರೆದುಕೊಂಡು ನಿಂತ. "ಅಂದ್ರೆ... ಗಾಡಿ ಹತ್ತೋದೇ ತಪ್ಪು ಅಂತ ಅಲ್ವಾ?"

"ಯಾರ ಗಾಡಿ ಅಂತ ನೋಡಬೇಡ್ವಾ?" ಎಂದಳು ಅವಳು. "ನೀವು ಕಾದಂಬರಿ ಮರೆಯಲ್ಲಿ ನಿಂತು ನನ್ನನ್ನ ಕೇಳ್ತಿದ್ದೀರಿ ಅಂತ ನನಗೆ ಹೇಗೆ ಗೊತ್ತಾಗಬೇಕು? ನನ್ನ ಹತ್ರ ಬಂದು ಕೇಳಲಿಲ್ಲ. ಒಂದು ಮಾತು ಹೇಳದೆ ಹೊರಟ್ರಿ. ಇಷ್ಟು ದಿನ ನಾನು... ಬಾಗಿಲು ನೋಡಿ ನೋಡಿ..."

ಅಳು ಬಂತು.

"ಅಳಬೇಡಿ... ದಯವಿಟ್ಟು ಅಳಬೇಡಿ." ಅವನ ಕಣ್ಣಲ್ಲೂ ನೀರಾಡಿತು. "ನಿಮ್ಮ ಬಾಯಿಂದ ಇನ್ನೊಂದು ಸಲ 'ಇಲ್ಲ' ಅಂತ ಕೇಳೋ ಶಕ್ತಿ ನನಗಿರಲಿಲ್ಲ."

"ಈಗ ಕೇಳಿ. ನನ್ನನ್ನ ನೋಡಿ ಕೇಳಿ."

ಅವನು ಅವಳತ್ತ ತಿರುಗಿ ನಿಂತ. "ಅಲ್ಲಿ ಏನೂ ಇಲ್ಲ. ತಗಡಿನ ಮನೆ. ಸರಿಯಾದ ರಸ್ತೆ ಇಲ್ಲ. ನೆರೆಹೊರೆಯವರೂ ಈಗಷ್ಟೇ ಬರ್ತಿದ್ದಾರೆ. ಆದ್ರೆ ನಿಮ್ಮನ್ನ ಕಂಡ ದಿನದಿಂದ, ನೀವಿಲ್ಲದ ಯಾವ ಊರೂ ನನಗೆ ಊರು ಅನ್ನಿಸ್ತಿಲ್ಲ. ನಿಮ್ಮನ್ನ ತುಂಬಾ ಪ್ರೀತಿಸ್ತೀನಿ. ನನ್ನ ಜೊತೆ ಬರ್ತೀರಾ?"

"ಬರ್ತೀನಿ." ಅವಳು ಕಣ್ಣೊರೆಸಿಕೊಂಡಳು. "ಆದ್ರೆ ಇವತ್ತಿನ ಲಾರೀಲಿ ಅಲ್ಲ. ನೀವು ಚಿಕ್ಕಮ್ಮನ ಮುಂದೆ ಬಂದು ಕೂತು ಮಾತಾಡಬೇಕು. ನಾನು ಒಪ್ಪಿಕೊಂಡ ಕೆಲಸ ಮುಗಿಸಬೇಕು. ಆಮೇಲೆ ನನ್ನ ಸಾಮಾನೆಲ್ಲ ಕಟ್ಕೊಂಡು ಬರ್ತೀನಿ. ಅಲ್ಲಿ ನನ್ನದೇ ಅಂಗಡಿ ಇರುತ್ತೆ."

"ಇರಲೇಬೇಕು!"

"ಅಲ್ಲಿ ಕೆಲಸ ಮುಗಿದು ಇನ್ನೊಂದು ಊರಿಗೆ ಹೊರಟ್ರೆ..."

"ಹೊರಟ್ರೆ?"

"ಮತ್ತೆ ಕೇಳಬೇಕು. ಪ್ರತಿ ಸಲ ಕೇಳಬೇಕು. ನಾನು ಬರ್ತೀನಿ ಅಂತ ನೀವೇ ಅಂದ್ಕೋಬಾರದು. ಬರಲ್ಲ ಅಂತಲೂ ಅಂದ್ಕೋಬಾರದು!"

ಅವನು ನಕ್ಕ. ಅಳುತ್ತಲೇ ನಕ್ಕ. "ಕೇಳ್ತೀನಿ. ಮುದುಕ ಆದ್ರೂ ಕೇಳ್ತೀನಿ."

"ಆಗ ನನಗೆ ಕಿವಿ ಮಂದವಾಗಿದ್ರೆ?"

"ಕೈ ಹಿಡ್ಕೊಂಡು ಕೇಳ್ತೀನಿ."

"ಹಾಗಾದ್ರೆ ಈಗಿಂದಲೇ ಅಭ್ಯಾಸ ಮಾಡ್ಕೊಳ್ಳಿ," ಎಂದು ಅವಳು ಕೈ ಚಾಚಿದಳು.

ಲಾರಿ ಡ್ರೈವರ್ ಹಾರನ್ ಹೊಡೆಯತೊಡಗಿದ. ಅವನು ಆ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡ.

"ಬರ್ತೀಯಾ?" ಎಂದ ಮತ್ತೊಮ್ಮೆ, ಮೆಲ್ಲಗೆ.

"ಬರ್ತೀನಿ ಕಣೋ," ಎಂದಳು ಅವಳು.