ಎರಡನೇ ಟಿಕ್

ಬೀಗ ಬಾಗಿಲಲ್ಲಿತ್ತು, ಕೀಲಿ ಕೈಯಲ್ಲಿತ್ತು, ಆದರೂ ಅವಳು ತನ್ನ ಮನೆಯ ಹೊರಗೇ ನಿಂತಿದ್ದಳು. ಎರಡೂ ಕೈ ಊದಿ ಬನ್ನಿನಂತಾಗಿದ್ದವು. ಬೆರಳುಗಳಿಗೆ ಮಡಚಿಕೊಳ್ಳುವುದೇ ಮರೆತುಹೋಗಿತ್ತು. ಕೀಲಿ ತಿರುಗಿಸುವ ಮಾತಿರಲಿ, ಮೂಗು ತುರಿಸಿದರೆ ಕೆರೆಯುವುದಕ್ಕೂ ಆಳು ಬೇಕಿತ್ತು. ಮೂಗು ತುರಿಸುತ್ತಲೂ ಇತ್ತು.

ಪಕ್ಕದ ಮನೆಯವರು ತಿರುಗಿಸಹೋಗಿ ಕೀಲಿ ಬೀಗದೊಳಗೇ ಮುರಿಯಿತು; ಅವರೇ ಫೋನ್ ಮಾಡಿ ಬೀಗ ರಿಪೇರಿಯವನನ್ನು ಕರೆಸಿದರು. ಅವನು ಬೀಗ ನೋಡುವ ಮೊದಲು ಅವಳ ಕೈ ನೋಡಿದ.

“ಬಾಕ್ಸಿಂಗ್ ಯಾರ ಜೊತೆ, ಮೇಡಂ?”

“ನಮ್ಮಪ್ಪನ ಜೊತೆ. ಅವರು ತೀರ್ಕೊಂಡು ತುಂಬಾ ವರ್ಷ ಆಯ್ತು, ಆದ್ರೂ ಬಿಡ್ತಿಲ್ಲ.”

ಅವನು ತಲೆ ಎತ್ತಿ, ಕಣ್ಣು ಮುಚ್ಚಿದ. “ಇನ್ನೊಂದ್ಸಲ ಮಾತಾಡಿ. ಮೂರನೇ ಪ್ಲಾಟ್‌ಫಾರ್ಮ್ ಅನ್ನಿ.”

ಅವಳಿಗೆ ನಗು ಬಂತು. ಬಸ್ ನಿಲ್ದಾಣದ ಅನೌನ್ಸರ್ ಅವಳೇ. ನಿಲ್ದಾಣದ ಮೂಲೆಯಲ್ಲಿ, ಸರಿಯಾಗಿ ಲೌಡ್‌ಸ್ಪೀಕರಿನ ಕೆಳಗೆ, ಅವನ ಅಂಗಡಿ. ದಿನವೆಲ್ಲ ಅವಳ ಧ್ವನಿ ಬೀಳುವುದು ಅವನ ತಲೆಯ ಮೇಲೇ. ಬಸ್ಸು ತಡವಾಗಿದೆ ಅಂತ ನೀವು ಹೇಳಿದ್ರೆ ಕಾಯೋಣ ಅನ್ಸುತ್ತೆ, ಎಂದ. ಬೀಗ ಟಿಕ್ ಎಂದಿತು, ಬಾಗಿಲು ತೆರೆಯಿತು. ಅವನು ಹೊರಡಲಿಲ್ಲ, ತನ್ನದೇ ಚಪ್ಪಲಿಯನ್ನು ಯಾರದೋ ಚಪ್ಪಲಿಯಂತೆ ನೋಡುತ್ತ ನಿಂತ. ಹಾಗೆ ನಿಂತ ಗಂಡಸಿನ ಮನಸ್ಸಿನಲ್ಲಿ ಏನಿದೆಯೆಂದು ಹೆಂಗಸರಿಗೆ ಹೇಳಿಕೊಡಬೇಕಿಲ್ಲ. ಅವಳು ಥ್ಯಾಂಕ್ಸ್ ಹೇಳಿ ಮೊಣಕೈಯಿಂದ ಬಾಗಿಲು ಹಾಕಿಕೊಂಡಳು.

ಹಾಕಿಕೊಳ್ಳಲು ಕಾರಣವಿತ್ತು. ಊರೆಲ್ಲ ಹುಡುಕಿದರೂ ಇನ್ನೊಬ್ಬರಲ್ಲಿ ಸಿಗದ ಊತದ ಕಾಯಿಲೆ ಅವಳ ಮನೆತನಕ್ಕೆ ಆಸ್ತಿಯಂತೆ ಬಂದಿತ್ತು. ರಕ್ತದಲ್ಲಿ ಏನೋ ಒಂದು ಹುಟ್ಟಿನಿಂದಲೇ ಕಡಿಮೆ. ಹೇಳದೆ ಕೇಳದೆ ಕೈ ಊದುತ್ತದೆ, ಕಾಲು ಊದುತ್ತದೆ, ಮುಖ ಊದುತ್ತದೆ. ಅಜ್ಜ ಒಮ್ಮೆ ಫೋಟೋ ತೆಗೆಸಿಕೊಳ್ಳಲು ಕೂತಿದ್ದರಂತೆ. ಫೋಟೋಗ್ರಾಫರ್ ಕ್ಯಾಮೆರಾ ಸರಿಮಾಡಿಕೊಳ್ಳುವಷ್ಟರಲ್ಲಿ ಮುಖ ಊದಿ, ಫೋಟೋದಲ್ಲಿ ಬೇರೆ ಯಾರೋ ಬಂದರು. ಅಜ್ಜಿ ಅದನ್ನು ಕೊನೆಯವರೆಗೂ “ನಿಮ್ಮಜ್ಜನ ಅಣ್ಣ” ಎಂದು ತೋರಿಸುತ್ತಿದ್ದಳು. ಆ ಮನೆಯಲ್ಲಿ ಯಾರೂ ಉಂಗುರ ಹಾಕುವುದಿಲ್ಲ. ಹಾಕಿದವರಿಗೆಲ್ಲ ಇಕ್ಕಳದಿಂದ ಕತ್ತರಿಸಿಯೇ ತೆಗೆಯಬೇಕಾಗಿತ್ತು.

ಇಷ್ಟೇ ಆಗಿದ್ದರೆ ನಕ್ಕುಬಿಡಬಹುದಿತ್ತು. ಕೈಯ ಊತ ಎರಡು ದಿನಕ್ಕೆ ಇಳಿಯುತ್ತದೆ. ಗಂಟಲಿನ ಊತ ಇಳಿಯುವ ತನಕ ಮನುಷ್ಯ ಇರುವುದಿಲ್ಲ. ಅಪ್ಪ ಊಟಕ್ಕೆ ಕೂತಲ್ಲೇ ಹೋದರು. ತುತ್ತು ಸಿಕ್ಕಿಕೊಂಡಿದೆ ಎಂದುಕೊಂಡ ಅಮ್ಮ ಬೆನ್ನು ನೀವುತ್ತ, ಲೋಟದಲ್ಲಿ ನೀರು ಹಿಡಿದು ನಿಂತಿದ್ದಳು. ಆ ಲೋಟ ಇನ್ನೂ ಕಪಾಟಿನಲ್ಲಿದೆ. ಅಮ್ಮ ಅದನ್ನು ತೊಳೆಯುತ್ತಾಳೆ. ಅದರಲ್ಲಿ ಯಾರಿಗೂ ನೀರು ಕೊಡುವುದಿಲ್ಲ.

ಆಸ್ಪತ್ರೆಯೊಂದರಲ್ಲಿ ಇದಕ್ಕೆ ಮದ್ದು ಬಂದಿತ್ತು. ಮದ್ದಿನ ಬಗ್ಗೆ ಡಾಕ್ಟರಿಗೆ ಅನುಮಾನವಿರಲಿಲ್ಲ. ಅದನ್ನು ಚುಚ್ಚುವವರ ಬಗ್ಗೆ ಇತ್ತು. ನರಕ್ಕೆ ಕೊಡುವ ಇಂಜೆಕ್ಷನ್ನಿಗೆ ಆಸ್ಪತ್ರೆಗೇ ಬರಬೇಕು. ಗಂಟಲು ಊದಿದವರಿಗೆ ಅಷ್ಟು ಪುರುಸೊತ್ತಿರುವುದಿಲ್ಲ. ಹೊಟ್ಟೆಯ ಚರ್ಮದಡಿಗೆ ಚುಚ್ಚುವುದಾದರೆ ಮನೆಯವರೇ ಚುಚ್ಚಬಹುದು. ಸಿರಿಂಜಿನಿಂದ ತಪ್ಪು ಕಡಿಮೆಯೋ, ಸ್ಪ್ರಿಂಗ್ ಇರುವ ಪೆನ್ನಿನಿಂದಲೋ ಎಂದು ಅಲ್ಲಿ ಪರೀಕ್ಷೆ ಮಾಡುತ್ತಿದ್ದರು. ಸ್ಪಂಜಿನ ಹೊಟ್ಟೆಯೊಂದನ್ನು ಮೇಜಿನ ಮೇಲಿಟ್ಟಿದ್ದರು. ರೋಗಿಯ ಕೈಯೂ ಊದಬಹುದಾದ್ದರಿಂದ ಜೊತೆಗೊಬ್ಬರು ಬರಬೇಕು. ಅವರು ಆ ಹೊಟ್ಟೆಗೆ ಸರಿಯಾಗಿ ಚುಚ್ಚಿ ತೋರಿಸಿದರೆ ಮಾತ್ರ ನಿಜವಾದ ಪೆನ್ನು ಮನೆಗೆ.

ಅಮ್ಮ ಸೂಜಿ ಎಂಬ ಮಾತು ಕೇಳಿದರೇ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಬೇರೆ ಯಾರೂ ಇರಲಿಲ್ಲ. ಮಗಳು ಎಷ್ಟೋ ದಿನ ಯೋಚಿಸಿ, ನಾಚಿಕೆ ಬಿಟ್ಟು, ಬೀಗದಂಗಡಿಯ ಮುಂದೆ ಹೋಗಿ ನಿಂತಳು. ಅವನು ಪೂರ್ತಿ ಕೇಳುವ ಮೊದಲೇ ಷಟರ್ ಎಳೆದು ಅವಳ ಜೊತೆ ಹೊರಟ.

“ನೀವು ಇವರಿಗೆ ಏನಾಗ್ಬೇಕು?” ಎಂದು ಕೇಳಿದರು ಪರೀಕ್ಷೆಯ ಸಿಸ್ಟರ್.

“ಬೀಗ ರಿಪೇರಿಯವನು.”

“ಅಂದ್ರೆ, ಸಂಬಂಧಿಕರಲ್ಲ.”

“ಇನ್ನೂ ಇಲ್ಲ.”

ಅವಳು ಕಿಟಕಿ ನೋಡಿದಳು. ಕಿಟಕಿಯಲ್ಲಿ ಏನೂ ಇರಲಿಲ್ಲ. ಕಿವಿ ಕೆಂಪಾಗಿದ್ದ ಅವಳದೇ ಮುಖವಿತ್ತು.

ಸಿರಿಂಜನ್ನು ನೋಡಿದ ಕೂಡಲೇ ಬೀಗದವನು ಕಡಿದ ಮರದಂತೆ ಬಿದ್ದ. ಎಬ್ಬಿಸಿ, ಸೂಜಿ ಕಾಣದ ಪೆನ್ನನ್ನು ಕೈಗೆ ಕೊಟ್ಟರು. ಮುಚ್ಚಳ ತೆಗೆಯಬೇಕು, ಹೊಟ್ಟೆಗೆ ಒತ್ತಬೇಕು. ಟಿಕ್ ಎಂದರೆ ಮದ್ದು ಹೋಗಲು ಶುರು. ಎರಡನೇ ಟಿಕ್ ಎಂದರೆ ಮುಗಿಯಿತು. ನಡುವೆ ಕೈ ತೆಗೆಯಬಾರದು. ಅವನು ಒತ್ತಿದ, ಟಿಕ್ ಎಂದಿತು, ತೆಗೆದ. ಮದ್ದಿನ ಬದಲು ತುಂಬಿದ್ದ ನೀರು ಮೇಜಿನ ಮೇಲೆಲ್ಲ ಚೆಲ್ಲಿತು. ಮತ್ತೆ ಒತ್ತಿದ, ಮತ್ತೆ ಚೆಲ್ಲಿತು. ಜೀವಮಾನವೆಲ್ಲ ಟಿಕ್ ಎಂದ ಕೂಡಲೇ ಕೈ ತೆಗೆದವನು. ಬೀಗದಲ್ಲಿ ಎರಡನೇ ಟಿಕ್ ಎಂದರೆ ಮತ್ತೆ ಹಾಕಿಕೊಂಡಿತು ಎಂದರ್ಥ. ತಲೆಗೆ ತಿಳಿದಿತ್ತು, ಕೈಗೆ ತಿಳಿಯಲಿಲ್ಲ. ಮುಂದಿನ ವಾರವೂ ಅದೇ ಆಯಿತು. ಇನ್ನೊಂದು ಸಲ ನೋಡೋಣ, ಆಗದಿದ್ದರೆ ಬೇರೆಯವರನ್ನು ಕರೆತನ್ನಿ, ಎಂದರು ಸಿಸ್ಟರ್. ಬೇರೆಯವರು ಎಲ್ಲಿದ್ದಾರೆ?

ಹೊರಗಿನ ಬೆಂಚಿನ ಮೇಲೆ ಅವನು ತನ್ನ ಕೈಗಳನ್ನೇ ಶತ್ರುಗಳಂತೆ ನೋಡುತ್ತ ಕೂತಿದ್ದ. ಹಿಂದಿನ ರಾತ್ರಿ ಅವಳ ಗಂಟಲಲ್ಲಿ ಏನೋ ಬಿಗಿದಂತಾಗಿತ್ತು. ಏನೂ ಆಗಿರಲಿಲ್ಲ. ಆದರೂ ಅವಳು ಬೆಳಗಿನ ತನಕ ಕೂತೇ ಇದ್ದಳು, ಅಮ್ಮನನ್ನು ಎಬ್ಬಿಸದೆ.

“ಮೊದಲನೇ ಟಿಕ್ ಆದ್ಮೇಲೆ ನಂಗೊಂದು ಸುಳ್ಳು ಹೇಳಿ,” ಎಂದಳು. “ಸುಳ್ಳು ಮುಗಿಯೋ ತನಕ ಕೈ ತೆಗೀಬೇಡಿ.”

ಸುಳ್ಳು ಹೇಳುವುದರಲ್ಲಿ ಅವನಿಗೆ ಅಭ್ಯಾಸ ಬೇಕಿರಲಿಲ್ಲ. ನಾಳೆ ಕೊಡುತ್ತೇನೆ ಎನ್ನದೆ ರಿಪೇರಿ ಅಂಗಡಿ ನಡೆಯುತ್ತದೆಯೇ? ಕೊನೆಯ ಸಲಕ್ಕೆಂದು ಒಳಗೆ ಹೋಗಿ, ಸ್ಪಂಜಿನ ಹೊಟ್ಟೆಗೆ ಪೆನ್ನು ಒತ್ತಿ, ಕಣ್ಣು ಮುಚ್ಚಿ ಶುರುಮಾಡಿದ: ಅವನ ಅಜ್ಜ ಕೀಲಿಯೇ ಬೇಡದ ಬೀಗವೊಂದನ್ನು ಮಾಡಿದ್ದನಂತೆ, ತಪ್ಪಾಯ್ತು ಎಂದರೆ ತಾನೇ ತೆರೆದುಕೊಳ್ಳುವಂಥದು, ಅಜ್ಜಿ ಅದನ್ನು ಅಜ್ಜನ ಬಟ್ಟೆ ಪೆಟ್ಟಿಗೆಗೇ ಹಾಕಿದಳಂತೆ, ಅಜ್ಜ ಆ ಮಾತು ಹೇಳಲಾರದೆ ಸಾಯುವ ತನಕ ಒಂದೇ ಅಂಗಿಯಲ್ಲಿ ಓಡಾಡಿದನಂತೆ. ಎರಡನೇ ಟಿಕ್ ಯಾವಾಗ ಆಯಿತೋ ಅವನಿಗೆ ಗೊತ್ತಾಗಲಿಲ್ಲ. ಮೇಜು ಒಣಗಿಯೇ ಇತ್ತು. ಸಿಸ್ಟರ್ ಕೂಡ ಅಂಗಿಗೆ ಕೊನೆಗೆ ಏನಾಯಿತು ಎಂದು ಕೇಳಿದರು.

ಅಂದು ಮೆಟ್ಟಿಲಿಳಿಯುವಾಗ ಅವನು ಇನ್ನೂ ಏನೋ ಹೇಳಹೊರಟ. ಅವಳು ತಡೆದಳು.

“ಹೇಳ್ಬೇಡಿ. ನನ್ನ ಕೈ ಹಿಡಿದೋರಿಗೆ ಸಿಗೋದು ನಮ್ಮಮ್ಮನಿಗೆ ಸಿಕ್ಕಿದ್ದೇ. ಒಂದು ಲೋಟ ನೀರು.”

“ನಂಗೆ ಬಾಯಾರಿಕೆ ಜಾಸ್ತಿ,” ಎಂದ ಅವನು, ಮುಖದಲ್ಲಿ ನಗುವಿಲ್ಲದೆ.

ಅಂದಿನಿಂದ ಅಂಗಡಿಯ ಮುಂದೆ ಹೋಗುವಾಗ ಅವಳು ಬೇಗ ನಡೆಯುತ್ತಿದ್ದಳು. ಅವನು ಕೀಲಿ ಉಜ್ಜುವ ಅರದ ಸದ್ದು ಮಾತ್ರ ಅವಳು ದಾಟುವ ತನಕ ನಿಂತಿರುತ್ತಿತ್ತು.

ಆ ದಿನ ಬೆಳಗ್ಗೆ ಅವಳ ಕೈ ಊದಿತ್ತು. ಆಸ್ಪತ್ರೆಯಿಂದ ಕೊಟ್ಟಿದ್ದ ಪೆನ್ನು ಬ್ಯಾಗಿನಲ್ಲಿತ್ತು. ಕೈಗೆಲ್ಲ ಯಾಕೆ ಖರ್ಚು, ಗಂಟಲಿಗಿರಲಿ ಎಂದುಕೊಂಡು ಕೆಲಸಕ್ಕೆ ಬಂದಳು. ಅನೌನ್ಸ್‌ಮೆಂಟ್ ಕೋಣೆಯ ನಿಯಮವೆಂದರೆ ಬಾಗಿಲಿಗೆ ಒಳಗಿನಿಂದ ಬೀಗ. ಇಲ್ಲದಿದ್ದರೆ ಕಂಡಕ್ಟರುಗಳ ಹರಟೆಯೆಲ್ಲ ಮೈಕಿನಲ್ಲಿ ಹೋಗುತ್ತದೆ. ಮೊಣಕೈಯಿಂದ ಒತ್ತಿದಳು, ಬೀಗ ಬಿತ್ತು. ಮೈಕ್ ಹಾಕಿದಳು, ಕೆಂಪು ದೀಪ ಹತ್ತಿತು. ಮೂರನೇ ಪ್ಲಾಟ್‌ಫಾರ್ಮ್ ಎನ್ನಹೋದಳು. ಬಂದದ್ದು ಅವಳ ಧ್ವನಿಯಾಗಿರಲಿಲ್ಲ; ಹರಿದ ಗೋಣಿಯನ್ನು ಎಳೆದಂತಿತ್ತು. ಇನ್ನೊಮ್ಮೆ ಪ್ರಯತ್ನಿಸಿದಳು. ಅಷ್ಟೂ ಬರಲಿಲ್ಲ.

ಬ್ಯಾಗನ್ನು ಮೇಜಿನ ಮೇಲೆ ಸುರಿದು ಪೆನ್ನು ಹುಡುಕಿಕೊಂಡಳು. ಬನ್ನಿನಂಥ ಬೆರಳಿಗೆ ಮುಚ್ಚಳ ಸಿಗಲಿಲ್ಲ. ಹಲ್ಲಿನಿಂದ ಕಚ್ಚಿದಳು, ಪೆನ್ನು ಜಾರಿ ಕುರ್ಚಿಯ ಕೆಳಗೆ ಹೋಯಿತು. ಉಗುಳು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದೊಂದು ಉಸಿರಿಗೂ ಬಾಗಿಲು ತಟ್ಟಿ ಕೇಳಬೇಕಿತ್ತು. ಅಪ್ಪನ ಕಣ್ಣು ಹೇಗೆ ಆ ಕಡೆ ಈ ಕಡೆ ಓಡಾಡಿತ್ತೆಂದು ಅವಳಿಗೆ ನೆನಪಾಯಿತು; ಅವು ಏನು ಹುಡುಕುತ್ತಿದ್ದವೆಂದು ಈಗ ಗೊತ್ತಾಯಿತು.

ಹೊರಗೆ ಯಾರೋ ಓಡಿಬಂದ ಸದ್ದಾಯಿತು. ಲೌಡ್‌ಸ್ಪೀಕರಿನ ಕೆಳಗೆ ಕೂತಿದ್ದವನು ಆ ಗೋಣಿಯ ಧ್ವನಿ ಕೇಳಿದವನೇ, ಗಿರಾಕಿಯ ಕೈಗೆ ಅರ್ಧ ಬೀಗ ಕೊಟ್ಟು ಎದ್ದಿದ್ದ. ಬೀಗದಲ್ಲಿ ತಂತಿ ಆಡಿತು. ಟಿಕ್. ಅವನು ಒಳಗೆ ಬಂದ. ಬಾಗಿಲಿಗೆ ಬಂದಿದ್ದ ಕಂಟ್ರೋಲರಿಗೆ ಆಂಬ್ಯುಲೆನ್ಸ್ ಕರೆಯಲು ಹೇಳಿ ನೆಲದ ಮೇಲೆ ತಡಕಾಡಿ ಪೆನ್ನು ತೆಗೆದ. ಅವಳು ಮೈಕಿನ ಕೆಂಪು ದೀಪದ ಕಡೆ ಕೈ ತೋರಿಸಿದಳು. ಮೈಕಿನ ಪಕ್ಕದಲ್ಲಿ ನೀರಿನ ಬಾಟಲಿಯಿತ್ತು; ಅವನು ನೀರು ಕೇಳುತ್ತಿದ್ದಾಳೆ ಎಂದುಕೊಂಡ.

“ನೀರು ಕೊಡಲ್ಲ,” ಎಂದ. “ನೀರು ಕೊಡೋಕೆ ಬಂದೋನಲ್ಲ ನಾನು.”

ಅಂಗಿಯ ಅಂಚು ಸರಿಸಿ, ಹೊಟ್ಟೆಯ ಬದಿಗೆ ಪೆನ್ನು ಒತ್ತಿದ. ಟಿಕ್. ಅವನ ಕೈ ಹಿಂದಕ್ಕೆ ಬರಲು ನೋಡುತ್ತಿರುವುದು ಅವಳ ಚರ್ಮಕ್ಕೆ ಗೊತ್ತಾಯಿತು.

“ಸುಳ್ಳು ಹೇಳ್ಬೇಕಲ್ವಾ. ಹೇಳ್ತೀನಿ, ಕೇಳು. ಎಲ್ಲಾ ಸುಳ್ಳೇ.” ಅವನ ಮುಖದಿಂದ ಬೆವರು ಅವಳ ಕೈಮೇಲೆ ಬಿತ್ತು. “ನಂಗೆ ಈಗ ಸ್ವಲ್ಪಾನೂ ಹೆದರಿಕೆ ಇಲ್ಲ. ನಿನ್ನ ಧ್ವನಿ ಕೇಳೋಕೆ ಅಂತ ನಾನು ಆ ದರಿದ್ರ ಅಂಗಡಿ ಇಟ್ಕೊಂಡಿಲ್ಲ. ನೀನು ಅಂದ್ರೆ ನಂಗೆ ಅಷ್ಟಕ್ಕಷ್ಟೇ. ನೀನು ಹೋದ್ರೆ ನಾಳೆ ಹತ್ತು ಗಂಟೆಗೆ ಅಂಗಡಿ ತೆಗೀತೀನಿ, ಆರಾಮಾಗಿ ಇರ್ತೀನಿ, ಮರ್ತುಬಿಡ್ತೀನಿ. ನಿನ್ನನ್ನ ಪ್ರೀತಿ ಮಾಡಿಲ್ಲ. ಒಂದು ದಿನಾನೂ ಮಾಡಿಲ್ಲ.”

ಟಿಕ್.

ಅವನು ಕೈ ತೆಗೆಯಲಿಲ್ಲ. ಸುಳ್ಳು ಇನ್ನೂ ಮುಗಿದಿರಲಿಲ್ಲವೇನೋ.

ಆಮೇಲೆ ಮಾಡಲು ಏನೂ ಉಳಿದಿರಲಿಲ್ಲ. ಮದ್ದಿಗೆ ಹೊತ್ತು ಬೇಕು. ಗಂಟಲು ಆ ಹೊತ್ತು ಕೊಡುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅವಳು ಅವನ ಕಣ್ಣನ್ನೇ ಹಿಡಿದುಕೊಂಡು ಒಂದು ಉಸಿರು, ಇನ್ನೊಂದು ಉಸಿರು ಎಳೆದಳು. ಹೊರಗೆ ನಿಲ್ದಾಣ ಉಸಿರೇ ಇಲ್ಲದಂತೆ ಸುಮ್ಮನಾಗಿತ್ತು. ಡ್ರೈವರುಗಳು ಇಂಜಿನ್ ಆರಿಸಿದ್ದರು. ಹೊರಡಬೇಕಾದ ಬಸ್ಸು ಹೊರಡಲಿಲ್ಲ. ಹೊರಡಿ ಎಂದು ಒಬ್ಬ ಪ್ರಯಾಣಿಕನೂ ಕೇಳಲಿಲ್ಲ. ಆ ನಿಲ್ದಾಣದಲ್ಲಿ ಹೀಗೊಂದು ನಡೆಯಿತೆಂದು ನಂಬುವವರು ಇವತ್ತಿಗೂ ಕಡಿಮೆ.

ಆಂಬ್ಯುಲೆನ್ಸ್ ನಿಂತ ಬಸ್ಸುಗಳ ನಡುವೆ ಸಿಕ್ಕಿಕೊಂಡು, ಸ್ಟ್ರೆಚರ್ ಮಾತ್ರ ಬಂತು. ಅಷ್ಟರಲ್ಲಿ ಅವಳ ಗಂಟಲಿನ ಗಂಟು ಒಂದೆಳೆ ಸಡಿಲವಾಗಿತ್ತು. ಉಗುಳು ಇಳಿಯಿತು. ಅವಳನ್ನು ಎತ್ತಲು ಬಂದವರನ್ನು ಕೈಯಿಂದ ತಡೆದು, ಮೈಕಿನ ಕಡೆ ಬಾಗಿದಳು. ಆಗ ಬೀಗದವನು ಕೆಂಪು ದೀಪ ನೋಡಿದ. ಅವನ ಮುಖವೂ ಆ ದೀಪದ ಬಣ್ಣಕ್ಕೇ ತಿರುಗಿತು.

“ಪ್ರಯಾಣಿಕರ ಗಮನಕ್ಕೆ,” ಎಂದಿತು ಲೌಡ್‌ಸ್ಪೀಕರ್, ತೂತು ಬಿದ್ದ ಧ್ವನಿಯಲ್ಲಿ. “ಬೀಗದಂಗಡಿಯವರ ಬಗ್ಗೆ ಅನೌನ್ಸರಿಗೆ... ಏನೂ ಅನ್ಸಿಲ್ಲ. ಅವರು ಇನ್ನು ಅಂಗಡಿಗೆ ಹೋಗಬಹುದು.”

ಒಂದು ಬಸ್ಸು ಹಾರ್ನ್ ಹೊಡೆಯಿತು. ಆಮೇಲೆ ಎಲ್ಲ ಬಸ್ಸುಗಳೂ.

ಅವನು ಅಂಗಡಿಗೆ ಹೋಗಲಿಲ್ಲ. ಸ್ಟ್ರೆಚರಿನ ಹಿಂದೆಯೇ ಆಂಬ್ಯುಲೆನ್ಸ್ ಹತ್ತಿ, ಉಂಗುರ ಕಾಣದ ಆ ಊದಿದ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಕೂತ. ಹೊರಗಿನಿಂದ ಯಾರೋ ಬಾಗಿಲು ತಳ್ಳಿದರು. ಅದು ಟಿಕ್ ಎಂದು ಹಾಕಿಕೊಂಡಿತು.

ಅವನು ಕೈ ತೆಗೆಯಲಿಲ್ಲ.